ಹಳದಿಯನ್ನು ಚೆಲ್ಲಬೇಕೇ? ಒಂದೇ ಮನೆಯ ಮೂವರಿಗೆ ಮೊಟ್ಟೆ ಎಷ್ಟು, ಹೇಗೆ

ಪ್ರಶ್ನೆ: ನನ್ನ ಪತಿಗೆ 54 ವರ್ಷ. ಮೂರು ವರ್ಷಗಳಿಂದ ಟೈಪ್ 2 ಮಧುಮೇಹವಿದೆ. ಈಚಿನ ರಕ್ತಪರೀಕ್ಷೆಯಲ್ಲಿ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ) 7.1, ಎಲ್‌ಡಿಎಲ್ ಅಂದರೆ ‘ಕೆಟ್ಟ’ ಕೊಲೆಸ್ಟರಾಲ್ 152 ಎಂದು ಬಂದಿದೆ. ವೈದ್ಯರು ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬರೆದುಕೊಟ್ಟಿದ್ದಾರೆ. ಇವರು ಬಹಳ ವರ್ಷಗಳಿಂದ ಪ್ರತಿದಿನ ಬೆಳಿಗ್ಗೆ ಬೆಣ್ಣೆಯಲ್ಲಿ ಹುರಿದ ಎರಡು ಮೊಟ್ಟೆ ತಿನ್ನುತ್ತ ಬಂದವರು. ಈಗ ‘ಮೊದಲು ಮೊಟ್ಟೆ ಬಿಟ್ಟು ನೋಡುತ್ತೇನೆ, ಮಾತ್ರೆಯ ವಿಚಾರ ಆಮೇಲೆ’ ಎನ್ನುತ್ತ ಮಾತ್ರೆಯನ್ನು ಶುರುಮಾಡಿಯೇ ಇಲ್ಲ. 22 ವರ್ಷದ ಮಗ ಜಿಮ್‌ಗೆ ಹೋಗುತ್ತಾನೆ. ದಿನಕ್ಕೆ ಎಂಟು ಮೊಟ್ಟೆ ಒಡೆದು, ಹಳದಿಯನ್ನೆಲ್ಲ ಚೆಲ್ಲಿ, ಬಿಳಿಯನ್ನು ಹಸಿಯಾಗಿಯೇ ಹಾಲಿಗೆ ಬೆರೆಸಿ ಕುಡಿಯುತ್ತಾನೆ. ಅತ್ತೆಯವರಿಗೆ 76. ಊಟ ಕಡಿಮೆಯಾಗಿದೆ, ತೂಕ ಇಳಿದಿದೆ, ಕುರ್ಚಿಯಿಂದ ಏಳಬೇಕಾದರೆ ಕೈಯೂರಬೇಕು. ಮೊಟ್ಟೆಯನ್ನು ಇಷ್ಟಪಟ್ಟು ತಿನ್ನುತ್ತಾರೆ. ಆದರೆ ಈ ವಯಸ್ಸಿನಲ್ಲಿ ಹಳದಿ ಕೊಡಬಾರದೆಂದು ಬಂಧುಗಳು ಹೇಳುತ್ತಾರೆ. ಮೊಟ್ಟೆಯಿಂದ ಕೊಲೆಸ್ಟರಾಲ್ ಏರುತ್ತದೆ ಎಂಬುದೇ ಹಳೆಯ ಸುಳ್ಳು ಎಂದು ಇನ್ನು ಕೆಲವರು ವಾದಿಸುತ್ತಾರೆ. ಯಾರ ಮಾತು ಸರಿ? ಕಂದು ಚಿಪ್ಪಿನ ಮೊಟ್ಟೆ ಹೆಚ್ಚು ಒಳ್ಳೆಯದೇ ಎಂಬುದನ್ನೂ ತಿಳಿಸಿ.

ಉತ್ತರ: ನಿಮ್ಮ ಪತ್ರದಲ್ಲಿ ಮೊಟ್ಟೆ ಒಂದೇ ಆದರೂ ಪ್ರಶ್ನೆಗಳು ಮೂರು, ಏಕೆಂದರೆ ಅದನ್ನು ತಿನ್ನುವ ಮೂವರ ಶರೀರಗಳು ಮೂರು ಬಗೆಯವು. ಒಬ್ಬರಿಗೆ ಹೇಳಿದ ಮಿತಿಯನ್ನು ಇನ್ನೊಬ್ಬರಿಗೂ ಅನ್ವಯಿಸಿದ್ದರಿಂದಲೇ ನಿಮ್ಮ ಮನೆಯಲ್ಲಿ ಹಳದಿಯ ಕುರಿತು ಇಷ್ಟು ಗೊಂದಲ ಬೆಳೆದಿದೆ. ಮೂರರಲ್ಲಿ ಒಂದು ಮಾತ್ರ ತುರ್ತಿನದು. ಅದು ಮೊಟ್ಟೆಗೆ ಸಂಬಂಧಿಸಿದ್ದಕ್ಕಿಂತ ಹೆಚ್ಚಾಗಿ ನಿಮ್ಮ ಪತಿ ಮುಂದೂಡುತ್ತಿರುವ ಮಾತ್ರೆಗೆ ಸಂಬಂಧಿಸಿದ್ದು. ಆದ್ದರಿಂದ ಅದನ್ನೇ ಮೊದಲು ಎತ್ತಿಕೊಳ್ಳುತ್ತೇನೆ.

ಪಥ್ಯಾಹಾರದ ಸಲಹೆ ಕೇಳಲು ಬರುವವರಲ್ಲಿ ‘ಮೊಟ್ಟೆ ಬಿಟ್ಟಿದ್ದೇನೆ, ಹಾಗಾಗಿ ಮಾತ್ರೆ ಬೇಡ’ ಎನ್ನುವವರನ್ನು ನಾನು ಪದೇ ಪದೇ ಕಾಣುತ್ತೇನೆ. ಈ ಲೆಕ್ಕಾಚಾರ ಅಂಕಿಗಳಲ್ಲಿ ನಿಲ್ಲುವುದಿಲ್ಲ. ಒಂದು ದೊಡ್ಡ ಮೊಟ್ಟೆಯಲ್ಲಿ ಸುಮಾರು 186 ಮಿಲಿಗ್ರಾಂ ಕೊಲೆಸ್ಟರಾಲ್ ಇರುತ್ತದೆ. ಎರಡರಲ್ಲಿ 370ರ ಆಸುಪಾಸು. ನಿಯಂತ್ರಿತ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಆಹಾರದಲ್ಲಿ ದಿನಕ್ಕೆ 100 ಮಿಲಿಗ್ರಾಂ ಕೊಲೆಸ್ಟರಾಲ್ ಹೆಚ್ಚಾದರೆ ರಕ್ತದ ಒಟ್ಟು ಕೊಲೆಸ್ಟರಾಲ್ ಸರಾಸರಿ ಡೆಸಿಲೀಟರಿಗೆ (100 ಮಿಲಿಲೀಟರಿಗೆ) 2ರಿಂದ 3 ಮಿಲಿಗ್ರಾಂನಷ್ಟು ಮಾತ್ರ ಏರುತ್ತದೆ. ಹೀಗಾಗಿ ಎರಡು ಮೊಟ್ಟೆಗಳನ್ನು ಪೂರ್ತಿಯಾಗಿ ಬಿಟ್ಟರೂ ನಿಮ್ಮ ಪತಿಯ 152 ಎಂಬ ಅಂಕಿ ಹತ್ತರಷ್ಟು ಇಳಿದೀತು, ಅಷ್ಟೇ. ಮಧುಮೇಹವಿರುವ, ಐವತ್ತು ದಾಟಿದ ವ್ಯಕ್ತಿಯ ಎಲ್‌ಡಿಎಲ್ ಡೆಸಿಲೀಟರಿಗೆ 100ಕ್ಕಿಂತ ಕೆಳಗೆ, ಅನೇಕರಲ್ಲಿ 70ಕ್ಕಿಂತಲೂ ಕೆಳಗೆ ಇರಬೇಕೆಂದು ವೈದ್ಯರು ಬಯಸುತ್ತಾರೆ. ಮಧ್ಯಮ ಪ್ರಮಾಣದ ಸ್ಟ್ಯಾಟಿನ್ ಎಲ್‌ಡಿಎಲ್ ಅನ್ನು ಶೇಕಡ 30ರಿಂದ 50ರವರೆಗೆ ಇಳಿಸುತ್ತದೆ. ಮೊಟ್ಟೆ ಬಿಡುವುದರಿಂದ ಆಗುವ ಇಳಿಕೆಗೂ ಇದಕ್ಕೂ ಹೋಲಿಕೆಯೇ ಇಲ್ಲ.

ಮಾತ್ರೆಯ ಬಗ್ಗೆ ಅವರಿಗಿರುವ ಅಳುಕು ನನಗೆ ಅರ್ಥವಾಗುತ್ತದೆ. ಕೆಲವರಿಗೆ ಸ್ನಾಯುಗಳಲ್ಲಿ ನೋವು ಕಾಣಿಸಿಕೊಳ್ಳುತ್ತದೆ, ಕೆಲವರಲ್ಲಿ ರಕ್ತದ ಸಕ್ಕರೆ ಸ್ವಲ್ಪ ಏರುತ್ತದೆ. ಇವೆರಡನ್ನೂ ವೈದ್ಯರ ಮುಂದೆ ಬಾಯಿಬಿಟ್ಟು ಹೇಳಬೇಕು. ಪ್ರಮಾಣವನ್ನು ಬದಲಿಸಲು ಅಥವಾ ಬೇರೆ ಸ್ಟ್ಯಾಟಿನ್ ಕೊಡಲು ಅವಕಾಶವಿದೆ. ಮಾತ್ರೆ ಬೇಡವೆಂಬುದು ನಿಮ್ಮ ಪತಿಯ ತೀರ್ಮಾನವೇ ಆದರೆ ಅದನ್ನು ವೈದ್ಯರೊಡನೆ ಚರ್ಚಿಸಿ ತೆಗೆದುಕೊಳ್ಳಲಿ. ಮೊಟ್ಟೆಯನ್ನು ನೆಪ ಮಾಡಿಕೊಂಡು ತಿಂಗಳುಗಳನ್ನು ಕಳೆಯುವುದು ಮಾತ್ರ ಬೇಡ.

ಇನ್ನು ಹಳದಿಯ ಭಯ ಎಲ್ಲಿಂದ ಬಂತು ಎಂಬುದನ್ನು ನೋಡೋಣ. 1913ರಲ್ಲಿ ರಷ್ಯಾದ ವಿಜ್ಞಾನಿ ನಿಕೊಲಾಯ್ ಅನಿಚ್ಕೋವ್ ಮೊಲಗಳಿಗೆ ಶುದ್ಧ ಕೊಲೆಸ್ಟರಾಲ್ ತಿನ್ನಿಸಿ, ಅವುಗಳ ರಕ್ತನಾಳಗಳ ಗೋಡೆಗಳಲ್ಲಿ ಕೊಬ್ಬು ಕಟ್ಟಿಕೊಳ್ಳುವುದನ್ನು ತೋರಿಸಿದರು. ಹೃದ್ರೋಗದ ಇತಿಹಾಸದಲ್ಲಿ ಅದು ದೊಡ್ಡ ಶೋಧವೇ ಸರಿ. ಆದರೆ ಮೊಲ ಸಸ್ಯಾಹಾರಿ ಪ್ರಾಣಿ; ಅದರ ಸಹಜ ಆಹಾರದಲ್ಲಿ ಕೊಲೆಸ್ಟರಾಲ್ ಇರುವುದೇ ಇಲ್ಲವಾದ್ದರಿಂದ ಅದನ್ನು ನಿಭಾಯಿಸುವ ಶಕ್ತಿಯೂ ಅದಕ್ಕೆ ತೀರ ಕಡಿಮೆ. 1968ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ದಿನಕ್ಕೆ 300 ಮಿಲಿಗ್ರಾಂಗಿಂತ ಹೆಚ್ಚು ಕೊಲೆಸ್ಟರಾಲ್ ಬೇಡ, ವಾರಕ್ಕೆ ಮೂರಕ್ಕಿಂತ ಹೆಚ್ಚು ಹಳದಿ ಬೇಡ ಎಂದು ಸಲಹೆ ಮಾಡಿತು. ಒಂದು ತಲೆಮಾರಿನ ವೈದ್ಯರು ಕಲಿತದ್ದು ಅದನ್ನೇ. ನಿಮ್ಮ ಬಂಧುಗಳ ಬಾಯಲ್ಲಿ ಈಗಲೂ ಬರುವುದು ಆ ಸಲಹೆಯೇ.

2015ರ ಅಮೆರಿಕದ ಆಹಾರ ಮಾರ್ಗಸೂಚಿಯು 300 ಮಿಲಿಗ್ರಾಂ ಎಂಬ ಆ ಮಿತಿಯನ್ನು ಕೈಬಿಟ್ಟಿತು. ‘ಮೊಟ್ಟೆಗೆ ಖುಲಾಸೆ ಸಿಕ್ಕಿತು’ ಎಂಬ ಸಂಭ್ರಮ ಶುರುವಾದದ್ದು ಅಲ್ಲಿಂದ. ಆ ಮಾರ್ಗಸೂಚಿಯನ್ನು ಪೂರ್ತಿ ಓದಿದವರು ಕಡಿಮೆ. ಅಂಕಿಯ ಮಿತಿಯನ್ನು ತೆಗೆದರೂ, ಆರೋಗ್ಯಕರ ಆಹಾರಕ್ರಮದೊಳಗೆ ಕೊಲೆಸ್ಟರಾಲ್ ಆದಷ್ಟು ಕಡಿಮೆಯೇ ಇರಲಿ ಎಂದು ಅದೇ ಮಾರ್ಗಸೂಚಿ ಹೇಳಿತ್ತು. ಹೀಗಾಗಿ ‘ಹಳದಿ ವಿಷ’ ಎನ್ನುವವರೂ ‘ಹಳದಿಗೆ ಲೆಕ್ಕವೇ ಬೇಡ’ ಎನ್ನುವವರೂ ಅರ್ಧ ಸತ್ಯವನ್ನೇ ಹಿಡಿದುಕೊಂಡಿದ್ದಾರೆ.

ಶರೀರದೊಳಗೆ ನಡೆಯುವುದೇನು ಎಂದು ತಿಳಿದರೆ ಉಳಿದ ಸಲಹೆಗಳ ಕಾರಣ ಸ್ಪಷ್ಟವಾಗುತ್ತದೆ. ರಕ್ತದಲ್ಲಿರುವ ಕೊಲೆಸ್ಟರಾಲಿನ ಹೆಚ್ಚಿನ ಪಾಲು ನಾವು ತಿಂದದ್ದಲ್ಲ, ಶರೀರವೇ ತಯಾರಿಸಿಕೊಂಡದ್ದು. ಆ ಕೆಲಸದಲ್ಲಿ ಯಕೃತ್ತಿನದು ಮುಖ್ಯ ಪಾತ್ರ. ಜೀವಕೋಶಗಳ ಪೊರೆಗೆ, ಹಲವು ಹಾರ್ಮೋನುಗಳಿಗೆ, ಪಿತ್ತರಸಕ್ಕೆ ಅದು ಬೇಕೇ ಬೇಕು. ತಿಂದ ಕೊಲೆಸ್ಟರಾಲಿನಲ್ಲಿ ಸರಾಸರಿ ಅರ್ಧದಷ್ಟನ್ನು ಕರುಳು ಹೀರಿಕೊಳ್ಳುತ್ತದೆ, ಉಳಿದದ್ದು ಹೊರಹೋಗುತ್ತದೆ. ಹೊರಗಿನಿಂದ ಹೆಚ್ಚು ಬಂದಾಗ ಯಕೃತ್ತು ತನ್ನ ತಯಾರಿಕೆಯನ್ನು ತಗ್ಗಿಸುತ್ತದೆ. ಬಹುಪಾಲು ಜನರಲ್ಲಿ ಈ ಹೊಂದಾಣಿಕೆ ಚೆನ್ನಾಗಿಯೇ ನಡೆಯುವುದರಿಂದ ಮೊಟ್ಟೆಯ ಪರಿಣಾಮ ಅಲ್ಪ. ಸ್ಟ್ಯಾಟಿನ್ ಅಷ್ಟು ಪ್ರಬಲವಾಗಿರುವುದಕ್ಕೂ ಇದೇ ಕಾರಣ: ಯಕೃತ್ತು ಕೊಲೆಸ್ಟರಾಲ್ ತಯಾರಿಸಲು ಬಳಸುವ ಮುಖ್ಯ ಕಿಣ್ವವನ್ನೇ ಅದು ತಡೆಯುತ್ತದೆ.

ಆದರೆ ಹೊಂದಾಣಿಕೆ ಎಲ್ಲರಲ್ಲೂ ಒಂದೇ ತೆರನಾಗಿರುವುದಿಲ್ಲ. ಸುಮಾರು ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಜನರಲ್ಲಿ, ತಿಂದ ಕೊಲೆಸ್ಟರಾಲಿಗೆ ರಕ್ತದ ಮಟ್ಟ ಸರಾಸರಿಗಿಂತ ಹೆಚ್ಚು ಏರುತ್ತದೆ. ಅಂಥವರು ಯಾರು ಎಂಬುದನ್ನು ಮುಖ ನೋಡಿಯಾಗಲಿ ತೂಕ ನೋಡಿಯಾಗಲಿ ಹೇಳಲಾಗದು. ತಿಂದು, ಪರೀಕ್ಷಿಸಿ, ಬಿಟ್ಟು, ಮತ್ತೆ ಪರೀಕ್ಷಿಸಿದರೆ ಮಾತ್ರ ಗೊತ್ತಾಗುತ್ತದೆ. ಪಕ್ಕದ ಮನೆಯವರು ದಿನಕ್ಕೆ ಮೂರು ಮೊಟ್ಟೆ ತಿಂದೂ ಎಲ್‌ಡಿಎಲ್ 90 ಇರುವುದು ನಿಮ್ಮ ಪತಿಯ ವಿಷಯದಲ್ಲಿ ಏನನ್ನೂ ಸಾಬೀತುಪಡಿಸುವುದಿಲ್ಲ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿ ಬಾಣಲೆಯಲ್ಲಿದೆ. ರಕ್ತದಿಂದ ಎಲ್‌ಡಿಎಲ್ ಕಣಗಳನ್ನು ಹಿಡಿದು ಒಳಗೆಳೆದುಕೊಳ್ಳಲು ಯಕೃತ್ತಿನ ಕೋಶಗಳ ಮೇಲೆ ಗ್ರಾಹಕಗಳಿರುತ್ತವೆ. ಇವುಗಳನ್ನು ಕಂಡುಹಿಡಿದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಬೆಣ್ಣೆ, ಕೊಬ್ಬಿನ ಮಾಂಸ, ತೆಂಗಿನೆಣ್ಣೆ, ತಾಳೆ ಎಣ್ಣೆಗಳಲ್ಲಿ ಹೇರಳವಾಗಿರುವ ಸ್ಯಾಚುರೇಟೆಡ್ ಕೊಬ್ಬು ಈ ಗ್ರಾಹಕಗಳ ಕೆಲಸವನ್ನು ಕುಗ್ಗಿಸುತ್ತದೆ. ಎಲ್‌ಡಿಎಲ್ ರಕ್ತದಲ್ಲೇ ಸುತ್ತುತ್ತ ಉಳಿಯುತ್ತದೆ. ಒಂದು ದೊಡ್ಡ ಮೊಟ್ಟೆಯಲ್ಲಿ ಒಟ್ಟು ಕೊಬ್ಬು 5 ಗ್ರಾಂನಷ್ಟು, ಅದರಲ್ಲಿ ಸ್ಯಾಚುರೇಟೆಡ್ ಕೊಬ್ಬು 1.6 ಗ್ರಾಂ. ಎರಡು ಮೊಟ್ಟೆಯಲ್ಲಿ 3 ಗ್ರಾಂ ಎಂದಿಟ್ಟುಕೊಳ್ಳಿ. ಅವುಗಳನ್ನು ಹುರಿಯಲು ಹಾಕುವ ಒಂದು ದೊಡ್ಡ ಚಮಚ ಬೆಣ್ಣೆಯಲ್ಲಿ ಇರುವುದು 7 ಗ್ರಾಂ! ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಸುಮಾರು 22 ಗ್ರಾಂ. ಎಲ್‌ಡಿಎಲ್ ಇಳಿಸಬೇಕಾದವರಿಗೆ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಹೇಳುವುದು 13 ಗ್ರಾಂ. ಆ 13ರಲ್ಲಿ 10 ಗ್ರಾಂ ನಿಮ್ಮ ಪತಿಯ ಬೆಳಗಿನ ತಟ್ಟೆಯಲ್ಲೇ ಮುಗಿದುಹೋಗುತ್ತಿದೆ, ಮತ್ತು ಅದರಲ್ಲಿ ಹೆಚ್ಚಿನ ಪಾಲು ಮೊಟ್ಟೆಯದಲ್ಲ. ಮೊಟ್ಟೆಯನ್ನು ಬಿಟ್ಟು ಬೆಣ್ಣೆಯನ್ನು ಬ್ರೆಡ್ಡಿಗೆ ಹಚ್ಚಿ ತಿಂದರೆ ತಪ್ಪಿತಸ್ಥನನ್ನು ಬಿಟ್ಟು ಜೊತೆಗಿದ್ದವನನ್ನು ಹಿಡಿದಂತಾಗುತ್ತದೆ.

ಯಾರ ಮಾತು ಸರಿ ಎಂಬ ನಿಮ್ಮ ಗೊಂದಲಕ್ಕೆ ಸಂಶೋಧನೆಗಳೇ ಪರಸ್ಪರ ವಿರುದ್ಧವಾಗಿ ಕಾಣುವುದೂ ಒಂದು ಕಾರಣ. 2019ರಲ್ಲಿ ಅಮೆರಿಕದ ಸುಮಾರು 29,600 ಮಂದಿಯ ಮಾಹಿತಿಯನ್ನು ಆಧರಿಸಿದ ಅಧ್ಯಯನವೊಂದು, ದಿನಕ್ಕೆ ಅರ್ಧ ಮೊಟ್ಟೆ ಹೆಚ್ಚಾದಂತೆ ಹೃದಯ ಮತ್ತು ರಕ್ತನಾಳಗಳ ಕಾಯಿಲೆಯ ಅಪಾಯ ಶೇಕಡ 6ರಷ್ಟು ಹೆಚ್ಚಿತ್ತು ಎಂದಿತು. ಅದರ ಮರುವರ್ಷವೇ ಬಂದ ಇನ್ನೊಂದು ದೊಡ್ಡ ವಿಶ್ಲೇಷಣೆ, ದಿನಕ್ಕೆ ಒಂದು ಮೊಟ್ಟೆಯವರೆಗೆ ಒಟ್ಟಾರೆ ಅಪಾಯವೇನೂ ಕಾಣುವುದಿಲ್ಲ ಎಂದಿತು. ಚೀನಾದ ಸುಮಾರು ಐದು ಲಕ್ಷ ಜನರ ಅಧ್ಯಯನದಲ್ಲಿ ದಿನವೂ ಮೊಟ್ಟೆ ತಿನ್ನುವವರಿಗೆ ಅಪಾಯ ಕಡಿಮೆಯೇ ಇತ್ತು. ಇವು ಯಾವುವೂ ಸುಳ್ಳಲ್ಲ. ಜನರು ತಿಂದದ್ದನ್ನು ಕೇಳಿ ಬರೆದುಕೊಂಡು ವರ್ಷಗಟ್ಟಲೆ ಕಾಯುವ ಇಂಥ ಅಧ್ಯಯನಗಳಲ್ಲಿ ಮೊಟ್ಟೆಯನ್ನು ಅದರ ಜೊತೆಯ ಆಹಾರದಿಂದ ಬೇರ್ಪಡಿಸುವುದು ಕಷ್ಟ. ಒಂದು ಕಡೆ ಮೊಟ್ಟೆ ತಿನ್ನುವವರೆಂದರೆ ಸಂಸ್ಕರಿಸಿದ ಮಾಂಸವನ್ನೂ ಹೆಚ್ಚು ತಿನ್ನುವವರು. ಇನ್ನೊಂದು ಕಡೆ ಮೊಟ್ಟೆ ತಿನ್ನುವವರೆಂದರೆ ಒಟ್ಟಾರೆ ಉತ್ತಮ ಆಹಾರ ಮತ್ತು ಹೆಚ್ಚಿನ ಆದಾಯವುಳ್ಳವರು. ಸಂಶೋಧಕರು ಲೆಕ್ಕದಲ್ಲಿ ಇದನ್ನು ಸರಿದೂಗಿಸುತ್ತಾರೆ, ಆದರೆ ಪೂರ್ತಿ ಸರಿದೂಗಿಸಲು ಆಗುವುದಿಲ್ಲ.

ಮಧುಮೇಹಿಗಳ ಮಟ್ಟಿಗೆ ಒಂದು ಎಚ್ಚರಿಕೆ 1999ರಿಂದಲೇ ಇದೆ. ಆ ವರ್ಷ ಪ್ರಕಟವಾದ, ಆರೋಗ್ಯವಂತರಲ್ಲಿ ದಿನಕ್ಕೊಂದು ಮೊಟ್ಟೆಯಿಂದ ಅಪಾಯ ಕಾಣದ ಅಧ್ಯಯನದಲ್ಲೇ, ಮಧುಮೇಹವಿದ್ದವರಲ್ಲಿ ಮಾತ್ರ ಹೆಚ್ಚು ಮೊಟ್ಟೆಗೂ ಹೃದ್ರೋಗಕ್ಕೂ ನಂಟು ಕಾಣಿಸಿತ್ತು. ಇದಕ್ಕೆ ಎದುರಾಗಿ, ಆಸ್ಟ್ರೇಲಿಯಾದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗವೊಂದನ್ನು ಮೊಟ್ಟೆಯ ಪರವಾಗಿರುವವರು ಉದಾಹರಿಸುತ್ತಾರೆ. ಟೈಪ್ 2 ಮಧುಮೇಹ ಅಥವಾ ಅದರ ಹಿಂದಿನ ಹಂತದಲ್ಲಿದ್ದ 140 ಮಂದಿಯಲ್ಲಿ ಅರ್ಧದಷ್ಟು ಜನರು ವಾರಕ್ಕೆ 12 ಮೊಟ್ಟೆ, ಉಳಿದವರು ಎರಡಕ್ಕಿಂತ ಕಡಿಮೆ ತಿಂದರು. ಮೂರು ತಿಂಗಳ ಕೊನೆಯಲ್ಲಿ ಎರಡೂ ಗುಂಪುಗಳ ಕೊಲೆಸ್ಟರಾಲ್ ಮತ್ತು ಸಕ್ಕರೆಯ ಮಟ್ಟಗಳಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಸಮಾಧಾನ ತರುವ ಫಲಿತಾಂಶವಿದು. ಆದರೆ ಆ ಪ್ರಯೋಗದಲ್ಲಿ ಎರಡೂ ಗುಂಪಿನವರಿಗೆ ಸ್ಯಾಚುರೇಟೆಡ್ ಕೊಬ್ಬಿನ ಬದಲು ಅಸ್ಯಾಚುರೇಟೆಡ್ ಕೊಬ್ಬನ್ನು ಬಳಸಲು ಹೇಳಿಕೊಡಲಾಗಿತ್ತು, ಅಂದರೆ ಬೆಣ್ಣೆಯಲ್ಲಿ ಹುರಿದ ಮೊಟ್ಟೆಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಅದಕ್ಕೆ ಹಣ ಕೊಟ್ಟದ್ದು ಮೊಟ್ಟೆ ಉದ್ಯಮವೇ ಎಂಬುದನ್ನೂ ನೆನಪಿಡುವುದು ಒಳ್ಳೆಯದು. ಹಣದ ಮೂಲ ಹೀಗಿದೆಯೆಂದ ಮಾತ್ರಕ್ಕೆ ಫಲಿತಾಂಶ ತಪ್ಪೆಂದು ನಾನು ಹೇಳುತ್ತಿಲ್ಲ. ಮೊಟ್ಟೆಯ ಬಗೆಗಿನ ಅನೇಕ ಪ್ರಯೋಗಗಳ ಹಿಂದೆ ಅಂಥ ಹಣವಿರುವಾಗ, ಒಂದೇ ಪ್ರಯೋಗದ ಮೇಲೆ ಪೂರ್ತಿ ಭಾರ ಹಾಕುವುದು ಜಾಣತನವಲ್ಲ.

2019ರ ಕೊನೆಯಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಈ ಎಲ್ಲವನ್ನೂ ತೂಗಿನೋಡಿ ಹೊರತಂದ ಸಲಹೆ ನನಗೆ ಸಮತೋಲನದಿಂದ ಕೂಡಿದ್ದೆನಿಸುತ್ತದೆ. ಆರೋಗ್ಯವಂತರು ದಿನಕ್ಕೆ ಒಂದು ಇಡೀ ಮೊಟ್ಟೆಯವರೆಗೆ ತಿನ್ನಬಹುದು. ಕೊಲೆಸ್ಟರಾಲ್ ಸಹಜ ಮಟ್ಟದಲ್ಲಿರುವ ವೃದ್ಧರು ದಿನಕ್ಕೆ ಎರಡರವರೆಗೂ ತಿನ್ನಬಹುದು. ಎಲ್‌ಡಿಎಲ್ ಹೆಚ್ಚಿರುವವರು, ಅದರಲ್ಲೂ ಮಧುಮೇಹವಿರುವವರು ಎಚ್ಚರದಿಂದಿರಬೇಕು. ನಿಮ್ಮ ಮನೆಯ ಮೂವರೂ ಇಲ್ಲಿ ಬೇರೆ ಬೇರೆ ಸಾಲುಗಳಲ್ಲಿ ಬರುತ್ತಾರೆ ಎಂಬುದನ್ನು ಗಮನಿಸಿ.

ನಿಮ್ಮ ಪತಿಯ ಮುಂದೆ ಈಗ ಮೂರು ದಾರಿಗಳಿವೆ. ಮೊಟ್ಟೆಯನ್ನು ಪೂರ್ತಿ ಬಿಡುವುದು ಒಂದು. ಅದರಿಂದ ಅವರಿಗೆ ತೊಂದರೆಯೇನೂ ಇಲ್ಲ, ಮೊಟ್ಟೆ ತಿನ್ನದೆಯೂ ಆರೋಗ್ಯವಾಗಿ ಬದುಕುವವರು ಬೇಕಾದಷ್ಟಿದ್ದಾರೆ. ಆದರೆ ಆ ಜಾಗಕ್ಕೆ ಏನು ಬರುತ್ತದೆ ಎಂಬುದೇ ಮುಖ್ಯ. ಬೇಳೆಕಾಳು, ಬೀಜಗಳು, ಕೊಬ್ಬು ಕಡಿಮೆಯಿರುವ ಮೊಸರು ಬಂದರೆ ಒಳ್ಳೆಯದೇ ಆಯಿತು. ಬಿಳಿ ಬ್ರೆಡ್ಡು, ಜಾಮು, ಸಿಹಿ ಬಿಸ್ಕತ್ತು ಬಂದರೆ ಸಕ್ಕರೆಯೂ ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬೂ ಏರಿ, ಎಲ್‌ಡಿಎಲ್‌ನಲ್ಲಿ ಹತ್ತು ಅಂಕಿ ಗಳಿಸಿ ಇನ್ನೊಂದು ಕಡೆ ಕಳೆದುಕೊಂಡಂತಾಗುತ್ತದೆ. ಮಧುಮೇಹಿಗಳ ಬೆಳಗಿನ ಆಹಾರದಲ್ಲಿ ಮೊಟ್ಟೆಗಿರುವ ಒಂದು ಅನುಕೂಲವೆಂದರೆ ಅದರಲ್ಲಿ ಪಿಷ್ಟವೂ ಸಕ್ಕರೆಯೂ ಇಲ್ಲವೆನ್ನುವಷ್ಟು ಕಡಿಮೆ, ಹೊಟ್ಟೆಯೂ ಬೇಗ ಹಸಿಯುವುದಿಲ್ಲ.

ಎರಡನೆಯದು, ಬಿಳಿಯನ್ನು ಮಾತ್ರ ತಿನ್ನುವುದು. ಕೊಲೆಸ್ಟರಾಲೂ ಕೊಬ್ಬೂ ಪೂರ್ತಿ ಹಳದಿಯಲ್ಲೇ ಇರುವುದರಿಂದ ಇದು ಸುರಕ್ಷಿತವೇ. ಆದರೆ ವಿಟಮಿನ್ ಎ, ಡಿ, ಬಿ12ರ ಹೆಚ್ಚಿನ ಭಾಗ, ಕಣ್ಣಿನ ಅಕ್ಷಿಪಟಲದಲ್ಲಿ ಶೇಖರವಾಗುವ ಲ್ಯೂಟಿನ್, ಮಿದುಳು ಮತ್ತು ಯಕೃತ್ತಿಗೆ ಬೇಕಾದ ಕೋಲಿನ್ ಇರುವುದೂ ಅಲ್ಲಿಯೇ. ಒಂದು ಮೊಟ್ಟೆಯಲ್ಲಿ ಸುಮಾರು 147 ಮಿಲಿಗ್ರಾಂ ಕೋಲಿನ್ ಇದೆ. ವಯಸ್ಕ ಪುರುಷರಿಗೆ ದಿನಕ್ಕೆ 550 ಸಾಕೆನ್ನುತ್ತಾರೆ. ಮೂರನೆಯದು, ಇಡೀ ಮೊಟ್ಟೆಯ ಸಂಖ್ಯೆಯನ್ನು ತಗ್ಗಿಸಿ, ಅಡುಗೆಯ ವಿಧಾನವನ್ನು ಬದಲಿಸುವುದು.

ನನ್ನನ್ನು ಕೇಳಿದರೆ ಮೂರನೆಯದೇ ಸರಿ. ಎಲ್‌ಡಿಎಲ್ ಗುರಿ ಮುಟ್ಟುವವರೆಗೆ ವಾರಕ್ಕೆ ಮೂರು ನಾಲ್ಕು ಇಡೀ ಮೊಟ್ಟೆ, ಬೇಯಿಸಿದ್ದೋ ಅಥವಾ ಸ್ವಲ್ಪವೇ ಸೂರ್ಯಕಾಂತಿ, ಕಡಲೆಕಾಯಿ ಅಥವಾ ಆಲಿವ್ ಎಣ್ಣೆಯಲ್ಲಿ ಮಾಡಿದ್ದೋ; ಉಳಿದ ದಿನ ಬೇಕೆನಿಸಿದರೆ ಬಿಳಿ. ಜೊತೆಯಲ್ಲಿ ತರಕಾರಿ ಮತ್ತು ತವುಡು ತೆಗೆಯದ ಧಾನ್ಯ ಇರಲಿ, ಏಕೆಂದರೆ ಮೊಟ್ಟೆಯಲ್ಲಿ ನಾರೂ ಇಲ್ಲ, ವಿಟಮಿನ್ ಸಿಯೂ ಇಲ್ಲ. ಓಟ್ಸ್, ಕಾಳುಗಳು, ಸೇಬಿನಂಥ ಹಣ್ಣುಗಳಲ್ಲಿರುವ ಕರಗುವ ನಾರು ಕರುಳಿನಲ್ಲಿ ಪಿತ್ತರಸವನ್ನು ಹಿಡಿದುಕೊಂಡು ಹೊರಹಾಕಿಸುತ್ತದೆ. ಕಳೆದ ಪಿತ್ತರಸವನ್ನು ಮತ್ತೆ ತಯಾರಿಸಲು ಯಕೃತ್ತು ರಕ್ತದ ಕೊಲೆಸ್ಟರಾಲನ್ನೇ ಬಳಸಬೇಕಾಗುವುದರಿಂದ ಎಲ್‌ಡಿಎಲ್ ಇಳಿಯುತ್ತದೆ. ಈ ‘ಮೂರು ನಾಲ್ಕು’ ಎಂಬುದು ಯಾವುದೇ ಮಾರ್ಗಸೂಚಿಯಲ್ಲಿ ಬರೆದಿಟ್ಟ ಸಂಖ್ಯೆಯಲ್ಲ, ಇಂಥ ಪ್ರಕರಣಗಳಲ್ಲಿ ನಾನು ಪಾಲಿಸುವ ಅಂದಾಜು. ಅದು ನಿಮ್ಮ ಪತಿಗೆ ಹೆಚ್ಚೋ ಕಡಿಮೆಯೋ ಎಂಬುದನ್ನು ಅವರ ರಕ್ತವೇ ಹೇಳಬೇಕು.

ಅದನ್ನು ಕೇಳಿಸಿಕೊಳ್ಳಲು ಒಂದು ಕ್ರಮವಿದೆ. ಮಾತ್ರೆಯನ್ನೂ ಆಹಾರದ ಬದಲಾವಣೆಯನ್ನೂ ಈಗಲೇ ಒಟ್ಟಿಗೆ ಆರಂಭಿಸಿ, ವೈದ್ಯರು ಹೇಳಿದಂತೆ ಆರರಿಂದ ಹನ್ನೆರಡು ವಾರಗಳ ನಡುವೆ ಲಿಪಿಡ್ ಪರೀಕ್ಷೆ (ರಕ್ತದ ಕೊಬ್ಬಿನ ಪರೀಕ್ಷೆ) ಮಾಡಿಸಲಿ. ಅಂಕಿ ಗುರಿಯೊಳಗೆ ಬಂದು ನಿಂತ ಮೇಲೆ, ಮಾತ್ರೆಯ ಪ್ರಮಾಣವನ್ನಾಗಲಿ ಉಳಿದ ಆಹಾರವನ್ನಾಗಲಿ ಬದಲಿಸದೆ, ಮೊಟ್ಟೆಯನ್ನು ಮಾತ್ರ ದಿನಕ್ಕೊಂದಕ್ಕೆ ಏರಿಸಿ ಎಂಟು ವಾರಗಳ ನಂತರ ಮತ್ತೆ ನೋಡಲಿ. ಎಲ್‌ಡಿಎಲ್ ಅಲ್ಲಾಡದಿದ್ದರೆ ಅವರ ಇಷ್ಟದ ಮೊಟ್ಟೆ ಅವರಿಗೆ ಉಳಿಯಿತು. ಹದಿನೈದು ಇಪ್ಪತ್ತು ಅಂಕಿ ಏರಿದರೆ, ಅದನ್ನು ಇನ್ನೊಮ್ಮೆ ಪರೀಕ್ಷಿಸಿ ಖಚಿತಪಡಿಸಿಕೊಂಡು ಹಳದಿಯನ್ನು ಕಡಿಮೆ ಮಾಡಬೇಕು. ಪರೀಕ್ಷೆಯಿಂದ ಪರೀಕ್ಷೆಗೆ ಐದಾರು ಅಂಕಿಗಳ ಏರಿಳಿತ ಸಹಜ, ಅದಕ್ಕೆ ಅರ್ಥ ಹುಡುಕಬೇಡಿ. ಕುಟುಂಬದಲ್ಲಿ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತವಾದವರಿದ್ದರೆ ಅಥವಾ ಎಂದಾದರೂ ಎಲ್‌ಡಿಎಲ್ 190 ದಾಟಿದ್ದರೆ ಈ ಪ್ರಯೋಗಕ್ಕೆ ಕೈಹಾಕುವ ಮೊದಲೇ ವೈದ್ಯರಿಗೆ ತಿಳಿಸಿ; ವಂಶಪಾರಂಪರ್ಯವಾಗಿ ಬರುವ ಅಧಿಕ ಕೊಲೆಸ್ಟರಾಲಿನ ನಿರ್ವಹಣೆಯೇ ಬೇರೆ.

ನಿಮ್ಮ ಮಗನ ವಿಷಯದಲ್ಲಿ ನನಗೆ ಕೊಲೆಸ್ಟರಾಲಿಗಿಂತ ಆ ಹಸಿ ಬಿಳಿಯೇ ಹೆಚ್ಚು ಚಿಂತೆ ತರುತ್ತದೆ. ಪ್ರೋಟೀನಿಗಾಗಿ ಅವನು ಇಷ್ಟೆಲ್ಲ ಮಾಡುತ್ತಿದ್ದಾನೆ, ಆದರೆ ಪ್ರೋಟೀನನ್ನೇ ಕಳೆದುಕೊಳ್ಳುತ್ತಿದ್ದಾನೆ. ಒಂದು ಮೊಟ್ಟೆಯ 6.3 ಗ್ರಾಂ ಪ್ರೋಟೀನಿನಲ್ಲಿ ಬಿಳಿಯಲ್ಲಿರುವುದು 3.6 ಗ್ರಾಂ, ಉಳಿದ 2.7 ಗ್ರಾಂ ಹಳದಿಯಲ್ಲಿದೆ. ಎಂಟು ಹಳದಿ ಚೆಲ್ಲಿದರೆ 21 ಗ್ರಾಂಗಿಂತ ಹೆಚ್ಚು ಪ್ರೋಟೀನು ಅಲ್ಲಿಗೇ ಹೋಯಿತು. ಉಳಿದ 29 ಗ್ರಾಂ ಕೂಡ ಪೂರ್ತಿ ದಕ್ಕುವುದಿಲ್ಲ. ಬೇಯಿಸಿದ ಮೊಟ್ಟೆಯ ಪ್ರೋಟೀನು ಶೇಕಡ 90ರಷ್ಟು ಜೀರ್ಣವಾಗಿ ಹೀರಲ್ಪಟ್ಟರೆ ಹಸಿಯಾದದ್ದು ಶೇಕಡ 50ರಷ್ಟು ಮಾತ್ರ ಎಂದು 1998ರಲ್ಲಿ ಪ್ರಕಟವಾದ ಅಳತೆಯೊಂದು ತೋರಿಸಿದೆ. ಆ ಲೆಕ್ಕದಲ್ಲಿ ಎಂಟು ಮೊಟ್ಟೆ ಒಡೆದು ಅವನಿಗೆ ದಕ್ಕುತ್ತಿರುವುದು 15 ಗ್ರಾಂನಷ್ಟು. ಮೂರು ಇಡೀ ಮೊಟ್ಟೆ ಬೇಯಿಸಿ ತಿಂದಿದ್ದರೆ ಇದಕ್ಕಿಂತ ಹೆಚ್ಚು ಸಿಗುತ್ತಿತ್ತು.

ಹಸಿ ಬಿಳಿಯಲ್ಲಿ ಅವಿಡಿನ್ ಎಂಬ ಪ್ರೋಟೀನಿದೆ. ಅದು ಬಯೋಟಿನ್ ಎಂಬ ವಿಟಮಿನನ್ನು ಬಿಗಿಯಾಗಿ ಹಿಡಿದುಕೊಂಡು ಶರೀರಕ್ಕೆ ಸಿಗದಂತೆ ಮಾಡುತ್ತದೆ. ಅಪರೂಪಕ್ಕೊಮ್ಮೆ ಕುಡಿದರೆ ಏನೂ ಆಗದು; ದಿನಕ್ಕೆ ಎಂಟರಂತೆ ತಿಂಗಳುಗಟ್ಟಲೆ ಮುಂದುವರಿದರೆ ಕೂದಲುದುರುವುದು, ಬಾಯಿ ಮತ್ತು ಕಣ್ಣುಗಳ ಸುತ್ತ ಗುಳ್ಳೆ ಏಳುವುದು ಅಸಂಭವವಲ್ಲ. ಬೇಯಿಸಿದರೆ ಅವಿಡಿನ್ ನಿಷ್ಕ್ರಿಯವಾಗುತ್ತದೆ. ವಾಂತಿ ಭೇದಿ ತರುವ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾದ ಸೋಂಕಿನ ಅಪಾಯ ಇದಕ್ಕಿಂತ ತಕ್ಷಣದ್ದು. ಚಿಪ್ಪನ್ನು ತೊಳೆದರೆ ಸಾಕೆಂದು ಅನೇಕರು ನಂಬಿದ್ದಾರೆ. ಆದರೆ ಸೋಂಕಿರುವ ಕೋಳಿಯ ಅಂಡಾಶಯದಿಂದಲೇ ಈ ಬ್ಯಾಕ್ಟೀರಿಯಾ ಚಿಪ್ಪು ಕಟ್ಟುವ ಮೊದಲೇ ಮೊಟ್ಟೆಯೊಳಗೆ ಸೇರಿರಬಹುದು. ಹಸಿಯಾಗಿಯೇ ಕುಡಿಯಲೇಬೇಕೆಂಬ ಹಟವಿದ್ದರೆ ಪಾಶ್ಚೀಕರಿಸಿದ, ಅಂದರೆ ಹದವಾಗಿ ಕಾಯಿಸಿ ರೋಗಾಣುಗಳನ್ನು ಕೊಂದ ಬಿಳಿಯನ್ನು ಬಳಸಬಹುದು. ಆದರೂ ಜೀರ್ಣವಾಗುವ ವಿಷಯದಲ್ಲಿ ಬೇಯಿಸಿದ್ದೇ ಮೇಲು.

ಹಳದಿ ಸೇರಿದ್ದರೆ ಸ್ನಾಯು ಬೆಳೆಯುವುದಿಲ್ಲವೆಂಬುದು ಬರೀ ನಂಬಿಕೆ. 2017ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಭಾರ ಎತ್ತುವ ವ್ಯಾಯಾಮದ ನಂತರ ಯುವಕರಿಗೆ 18 ಗ್ರಾಂ ಪ್ರೋಟೀನನ್ನು ಒಮ್ಮೆ ಇಡೀ ಮೊಟ್ಟೆಯ ರೂಪದಲ್ಲಿ, ಇನ್ನೊಮ್ಮೆ ಬಿಳಿಯ ರೂಪದಲ್ಲಿ ಕೊಟ್ಟಾಗ, ಸ್ನಾಯುವಿನಲ್ಲಿ ಪ್ರೋಟೀನ್ ತಯಾರಿ ಇಡೀ ಮೊಟ್ಟೆಯಿಂದಲೇ ಹೆಚ್ಚಾಗಿತ್ತು. ಹಾಗೆಂದು ದಿನಕ್ಕೆ ಎಂಟು ಹಳದಿ ತಿನ್ನು ಎಂದು ಹೇಳಲಾರೆ. ಅದು 1500 ಮಿಲಿಗ್ರಾಂ ಕೊಲೆಸ್ಟರಾಲ್ ಆಗುತ್ತದೆ, ತಂದೆಗೆ ಎಲ್‌ಡಿಎಲ್ ಹೆಚ್ಚಿರುವ ಹುಡುಗ ಬೇರೆ. ಎರಡು ಇಡೀ ಮೊಟ್ಟೆ, ಬೇಕಿದ್ದರೆ ಬೇಯಿಸಿದ ಎರಡು ಬಿಳಿ, ಉಳಿದದ್ದು ಕಾಳು, ಹಾಲು, ಮೊಸರು, ಮೀನು ಇವುಗಳಿಂದ ಬರಲಿ. ಇದು ಆರೋಗ್ಯವಂತರಿಗೆ ಹೇಳಿದ ದಿನಕ್ಕೊಂದರ ಮಿತಿಗಿಂತ ಹೆಚ್ಚಾದ್ದರಿಂದ ಒಂದು ಬಾರಿ ಲಿಪಿಡ್ ಪರೀಕ್ಷೆ ಮಾಡಿಸಿಬಿಡಿ. 22 ವರ್ಷ ಅದಕ್ಕೆ ಚಿಕ್ಕ ವಯಸ್ಸಲ್ಲ.

ಅತ್ತೆಯವರ ವಿಷಯದಲ್ಲಿ ಬಂಧುಗಳ ಸಲಹೆಯನ್ನು ಮರೆತುಬಿಡಿ. ತೂಕ ಇಳಿಯುತ್ತಿರುವ, ಸ್ನಾಯು ಕರಗುತ್ತಿರುವ 76ರ ವ್ಯಕ್ತಿಗೆ ಹಳದಿಯಿಂದಾಗುವ ಹಾನಿಗಿಂತ ಅದನ್ನು ತಪ್ಪಿಸುವುದರಿಂದಾಗುವ ಹಾನಿಯೇ ದೊಡ್ಡದು. ವಯಸ್ಸಾದಂತೆ ಅದೇ ಪ್ರಮಾಣದ ಸ್ನಾಯುವನ್ನು ಉಳಿಸಿಕೊಳ್ಳಲು ಹೆಚ್ಚು ಪ್ರೋಟೀನು ಬೇಕಾಗುತ್ತದೆ. ಆರೋಗ್ಯವಂತ ವೃದ್ಧರಿಗೂ ದೇಹತೂಕದ ಪ್ರತಿ ಕಿಲೊಗೆ ದಿನಕ್ಕೆ 1ರಿಂದ 1.2 ಗ್ರಾಂ ಬೇಕೆಂದು ತಜ್ಞರು ಹೇಳುತ್ತಾರೆ. ಮೆದುವಾಗಿ, ಅಗಿಯಲು ಸುಲಭವಾಗಿ, ಸ್ವಲ್ಪದರಲ್ಲೇ ಹೆಚ್ಚು ಪೋಷಕಾಂಶ ಕೊಡುವ ಆಹಾರಗಳಲ್ಲಿ ಮೊಟ್ಟೆಗೆ ಸಮನಾದವು ಕಡಿಮೆ. ಇಷ್ಟಪಟ್ಟು ತಿನ್ನುತ್ತಾರೆ ಎಂದು ನೀವೇ ಬರೆದಿದ್ದೀರಿ. ಹಸಿವು ಕಡಿಮೆಯಾದವರ ಮಟ್ಟಿಗೆ ಅದು ಸಣ್ಣ ಸಂಗತಿಯಲ್ಲ. ಕೊಲೆಸ್ಟರಾಲ್ ಸಹಜವಾಗಿದ್ದರೆ ದಿನಕ್ಕೆ ಒಂದರಿಂದ ಎರಡು ಇಡೀ ಮೊಟ್ಟೆ ಕೊಡಿ, ಒಂದೇ ಹೊತ್ತಿಗೆ ಎರಡೂ ಬೇಡವೆಂದರೆ ಬೆಳಿಗ್ಗೆ ಒಂದು, ಸಂಜೆ ಒಂದು. ಆದರೆ ಹಳದಿ ದ್ರವವಾಗಿರುವಂತೆ ಅರೆಬೇಯಿಸಿದ್ದು ಬೇಡ. ಈ ವಯಸ್ಸಿನಲ್ಲಿ ಸಾಲ್ಮೊನೆಲ್ಲಾ ಬಂದರೆ ಆಸ್ಪತ್ರೆ ಸೇರಬೇಕಾಗಬಹುದು.

ಎರಡು ಎಚ್ಚರಿಕೆಗಳಿವೆ. ಮೂತ್ರಪಿಂಡದ ಕಾಯಿಲೆ ಇದೆಯೇ ಎಂದು ರಕ್ತಪರೀಕ್ಷೆಯಿಂದ ತಿಳಿದುಕೊಳ್ಳಿ. ಇದ್ದರೆ ಒಟ್ಟು ಪ್ರೋಟೀನನ್ನೂ ರಂಜಕವನ್ನೂ ಲೆಕ್ಕಹಾಕಬೇಕಾಗುತ್ತದೆ. ಹಳದಿಯಲ್ಲಿ ರಂಜಕ ಹೆಚ್ಚು, ಬಿಳಿಯಲ್ಲಿ ಅತ್ಯಲ್ಪ, ಆದ್ದರಿಂದ ಅಂಥವರಿಗೆ ಬಿಳಿಯೇ ಹೊಂದುತ್ತದೆ. ಪಿತ್ತಕೋಶದಲ್ಲಿ ಕಲ್ಲಿದ್ದು, ಕೊಬ್ಬಿನ ಊಟದ ನಂತರ ಬಲಪಕ್ಕೆಯಲ್ಲಿ ನೋವು ಬರುವವರೂ ಹಳದಿಯ ಬಗ್ಗೆ ವೈದ್ಯರನ್ನು ಕೇಳಬೇಕು. ಇನ್ನೊಂದು, ಕಾರಣವಿಲ್ಲದೆ ಇಳಿಯುತ್ತಿರುವ ತೂಕಕ್ಕೆ ಮೊಟ್ಟೆಯೇ ಚಿಕಿತ್ಸೆಯೆಂದು ಕೂರಬೇಡಿ. ಆರು ತಿಂಗಳಿಂದ ಒಂದು ವರ್ಷದೊಳಗೆ ದೇಹತೂಕದ ಶೇಕಡ 5ಕ್ಕಿಂತ ಹೆಚ್ಚು ಇಳಿದಿದ್ದರೆ ಹಲ್ಲು, ಥೈರಾಯ್ಡ್, ಖಿನ್ನತೆ, ತೆಗೆದುಕೊಳ್ಳುತ್ತಿರುವ ಔಷಧಿಗಳು, ಗಡ್ಡೆ ಹೀಗೆ ಅನೇಕ ಕಾರಣಗಳನ್ನು ಪರಿಶೀಲಿಸಬೇಕಾಗುತ್ತದೆ. ಕುರ್ಚಿಯಿಂದ ಏಳುವುದನ್ನೇ ದಿನಕ್ಕೆ ಹಲವು ಬಾರಿ ಅಭ್ಯಾಸವಾಗಿ ಮಾಡಿಸಿ, ಯಾರಾದರೂ ಪಕ್ಕದಲ್ಲಿ ನಿಂತಿರಲಿ. ಸ್ನಾಯುವಿಗೆ ಕೆಲಸ ಕೊಡದೆ ಪ್ರೋಟೀನು ಮಾತ್ರ ಕೊಟ್ಟರೆ ಪ್ರಯೋಜನ ಅರ್ಧದಷ್ಟೂ ಆಗುವುದಿಲ್ಲ.

ಉಳಿದವು ಸಣ್ಣ ವಿಷಯಗಳು. ಚಿಪ್ಪಿನ ಬಣ್ಣ ಕೋಳಿಯ ತಳಿಯನ್ನು ಅವಲಂಬಿಸಿದ್ದು. ಕಂದಾಗಲಿ ಬಿಳಿಯಾಗಲಿ ಒಳಗಿನ ಪೋಷಣೆ ಒಂದೇ. ಹಳದಿಯ ಗಾಢತೆ ಮೇವಿನಲ್ಲಿದ್ದ ವರ್ಣದ್ರವ್ಯಗಳಿಂದ ಬರುತ್ತದೆ. ಬಹಳ ಹೊತ್ತು ಬೇಯಿಸಿದಾಗ ಹಳದಿಯ ಸುತ್ತ ಕಾಣುವ ಹಸಿರು ಉಂಗುರವು ಕಬ್ಬಿಣ ಮತ್ತು ಗಂಧಕ ಸೇರಿ ಆದದ್ದು, ತಿಂದರೆ ತೊಂದರೆಯಿಲ್ಲ. ನೀರಿನಲ್ಲಿ ತೇಲುವ ಮೊಟ್ಟೆ ಹಳೆಯದೆಂಬುದು ನಿಜ, ಕೆಟ್ಟಿದೆಯೆಂದೇ ಅರ್ಥವಲ್ಲ. ಒಡೆದು ನೋಡಿ, ವಾಸನೆ ಬಂದರೆ ಬಿಸಾಡಿ. ಮೊಟ್ಟೆಗಳನ್ನು ಬಾಗಿಲಿನ ಗೂಡಿನಲ್ಲಿಡುವ ಬದಲು ಫ್ರಿಜ್ಜಿನ ಒಳಗೆ 4 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಇಡಿ. ಬೇಯಿಸಿದ ಮೊಟ್ಟೆಯನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡದೆ ಫ್ರಿಜ್ಜಿಗೆ ಸೇರಿಸಿದರೆ ಒಂದು ವಾರದೊಳಗೆ ಬಳಸಬಹುದು, ಆದರೆ ಮಗನಿಗೆಂದು ಒಟ್ಟಿಗೆ ಬೇಯಿಸಿಡುವಾಗ ಚಿಪ್ಪು ಸುಲಿಯದೆಯೇ ಇಡಿ.